ಫಿಯಟ್ಟಿನ ಸಿಳ್ಳೆ ಎಲ್ಲಿಂದ ಬರುತ್ತಿತ್ತು

ಕಾರು ಗಂಟೆಗೆ 60 ಕಿಲೋಮೀಟರ್ ಮುಟ್ಟುವವರೆಗೆ ಏನೂ ಇಲ್ಲ. ಸ್ಪೀಡೋಮೀಟರಿನ ಮುಳ್ಳು 65ಕ್ಕೆ ಬಂತು ಅಂದರೆ ಶುರು. ಮೊದಲು ಸಣ್ಣಗೆ ಸುಯ್ ಅನ್ನುತ್ತದೆ. 70ಕ್ಕೆ ಅದರ ಮೇಲೊಂದು ಸಿಳ್ಳೆ. 75 ದಾಟಿತೋ, ಪಕ್ಕದಲ್ಲಿ ಕೂತವರು ಏನು ಹೇಳಿದರೂ "ಆಂ?" ಅನ್ನಬೇಕು.

ಕಾರು ಅಪ್ಪನದು. 1984ರ ಪ್ರೀಮಿಯರ್ ಪದ್ಮಿನಿ. ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಗೊಂಡಿದ್ದು. ಪದ್ಮಿನಿ ಅನ್ನುವ ಹೆಸರು ಬರುವ ಮೊದಲು ಇದೇ ಗಾಡಿ ಫಿಯಟ್ 1100 ಡಿಲೈಟ್ ಅಂತ ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಬರುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಪದ್ಮಿನಿ ಅನ್ನೋರು ಯಾರೂ ಇಲ್ಲ, ಫಿಯಟ್ಟು ಅಷ್ಟೇ. 1089 ಸಿ.ಸಿ. ಇಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಎರಡೂ ಬಾಗಿಲಿಗೆ ತಿರುಗಿಸಿ ತೆಗೆಯುವ ತ್ರಿಕೋನದ ಕ್ವಾರ್ಟರ್ ಗ್ಲಾಸು. ಈ ಕ್ವಾರ್ಟರ್ ಗ್ಲಾಸ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋದ ವರ್ಷ ಬಾಡಿ ಕೆಲಸ ಮಾಡಿಸಿದೆವು. ಬಾಗಿಲಿನ ತಳ ತುಕ್ಕು ಹಿಡಿದು ಹಪ್ಪಳದ ಹಾಗೆ ಮುರಿಯುತ್ತಿತ್ತು. ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿ, ಪೂರ್ತಿ ಪೇಂಟ್ ಹೊಡೆದು, ಬಾಗಿಲು, ಗಾಜಿನ ಸಂದಿ ಮುಚ್ಚುವ ರಬ್ಬರ್ ಬೀಡಿಂಗ್ ಎಲ್ಲಾ ಬದಲಾಯಿಸಿ ಕೊಟ್ಟರು. ಹಳೇ ಬೀಡಿಂಗು ಒಣಗಿ ಕಟ್ಟಿಗೆಯಾಗಿತ್ತು, ಉಗುರು ಒತ್ತಿದರೂ ಗುರುತು ಬೀಳುತ್ತಿರಲಿಲ್ಲ. ಹೊಸದು ಬಂದ ಮೇಲೆ ಶಬ್ದ ಕಡಿಮೆಯಾಗಬೇಕು ಅಲ್ವಾ? ನಮ್ಮದು ಜಾಸ್ತಿಯಾಯಿತು.

ಮೊದಲ ಸಲ ಮೈಸೂರಿಂದ ನಂಜನಗೂಡಿಗೆ ಹೊರಟಾಗ ಕಂಪ್ಲೇಂಟ್ ಮಾಡಿದ್ದು ಅಮ್ಮ. ಈ ಕಾರಲ್ಲಿ ಹಿಂದೆ ಕೂತರೆ ಕಡಕೊಳ ಬರೋದರೊಳಗೆ ಅವರಿಗೆ ನಿದ್ದೆ. ನಲವತ್ತು ವರ್ಷದ ರೂಢಿ ಅದು. ಅವತ್ತು ನಂಜನಗೂಡಿನ ತನಕ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. "ಏನೋ ಇದು, ಕುಕ್ಕರ್ ಕೂಗೋಕೆ ಮುಂಚೆ ಸುಯ್ ಅನ್ನಲ್ವಾ, ಹಂಗೆ ಬರ್ತಾನೇ ಇದೆ. ಕೂಗೋದೂ ಇಲ್ಲ, ನಿಲ್ಲೋದೂ ಇಲ್ಲ."

ಅಪ್ಪನಿಗೆ ಏನೂ ಕೇಳಿಸಲಿಲ್ಲ. "ಇಂಜಿನ್ ಚೆನ್ನಾಗೇ ಇದೆಯಲ್ಲೋ" ಅಂದರು. ಅವರಿಗೆ 79. ವಯಸ್ಸಾದ ಹಾಗೆ ಕಿವಿಯಿಂದ ಮೊದಲು ಹೋಗೋದೇ ಕೀರಲು ದನಿಗಳು. ಇಂಜಿನ್ನಿನ ಗುರ್ ಕೇಳಿಸುತ್ತದೆ, ಗಾಳಿಯ ಸಿಳ್ಳೆ ಕೇಳಿಸೋದಿಲ್ಲ. ಒಂದು ಲೆಕ್ಕಕ್ಕೆ ಅವರೇ ಪುಣ್ಯವಂತರು.

ಕೆಲಸ ಮಾಡಿಕೊಟ್ಟ ಅಂಗಡಿಗೆ ಹೋದೆ. "ಹಳೇ ಗಾಡಿ ಅಲ್ವಾ ಸರ್, ಗಾಳಿ ಇರುತ್ತೆ" ಅಂದರು. ಮೊದಲು ಇರಲಿಲ್ಲ ಅಂದೆ. "ಮೊದಲು ನೀವು ಗಮನಿಸಿರಲ್ಲ" ಅಂದರು. ಆಯ್ತು, ನಾನೇ ನೋಡ್ಕೋತೀನಿ ಅಂತ ಬಂದೆ.

ಇದು ಗಾಳಿಯ ಶಬ್ದ ಹೌದೋ ಅಲ್ವೋ ಅನ್ನೋದು ಮೊದಲನೇ ಪ್ರಶ್ನೆ. ಇಂಜಿನ್, ಡಿಫರೆನ್ಷಿಯಲ್, ಟೈರು, ಎಲ್ಲಾ ಸೇರಿ ಕೂಗುವ ಗಾಡಿ ಇದು. ಖಾಲಿ ರಸ್ತೆಯಲ್ಲಿ 70ಕ್ಕೆ ಹೋಗಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದೆ. ಇಂಜಿನ್ ಸುಮ್ಮನಾಯಿತು, ಸಿಳ್ಳೆ ಹಾಗೇ ಇತ್ತು. ಡಾಂಬರು ಬದಲಾದ ಕಡೆ ಟೈರಿನ ದನಿ ಬದಲಾಯಿತು, ಸಿಳ್ಳೆ ಬದಲಾಗಲಿಲ್ಲ. ಮುಳ್ಳು 60ಕ್ಕೆ ಇಳಿದಾಗ ತಾನಾಗಿಯೇ ನಿಂತಿತು. ಸರಿ, ಗಾಳಿಯೇ.

ಇಲ್ಲಿಯವರೆಗೆ ಬುದ್ಧಿ ಉಪಯೋಗಿಸಿದೆ. ಆಮೇಲೆ ಕಿವಿಯನ್ನು ನಂಬಿದೆ, ಅದೇ ತಪ್ಪು. ನನ್ನ ಕಿವಿಗೆ ಅದು ಮುಂದಿನ ದೊಡ್ಡ ಗಾಜಿನ ಎಡ ಮೂಲೆಯಿಂದ ಬಂದ ಹಾಗಿತ್ತು. ಆಣೆ ಮಾಡಿ ಹೇಳುತ್ತಿದ್ದೆ, ಅಷ್ಟು ಖಾತ್ರಿ. ಗಾಜು ತೆಗೆಸಿ, ಬೀಡಿಂಗ್ ಬದಲಾಯಿಸಿ, ದಾರ ಎಳೆದು ಮತ್ತೆ ಕೂರಿಸಿದ್ದಾಯಿತು. 1,800 ರೂಪಾಯಿ, ಎರಡು ದಿನ. ಸಿಳ್ಳೆ ಇದ್ದಲ್ಲೇ ಇತ್ತು. ಕಾರಿನ ಒಳಗೆ ಗಾಜು, ತಗಡು ಎಲ್ಲಾ ಕಡೆ ತಾಗಿ ದನಿ ವಾಪಸ್ ಬರುತ್ತದೆ. ಬಲಗಡೆಯ ಸಿಳ್ಳೆ ಎಡಗಡೆಯ ಗಾಜಿಗೆ ಬಡಿದು ಕಿವಿಗೆ ಬಂದರೆ ಎಡಗಡೆಯದೇ ಅನ್ನಿಸುತ್ತದೆ. ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಅಷ್ಟರಲ್ಲಿ ಊರೆಲ್ಲಾ ಸಲಹೆ. ಒಬ್ಬರು ಎಲ್ಲಾ ಸಂದಿಗೂ ಸಿಲಿಕೋನ್ ಹೊಡೆಸಿಬಿಡಿ ಅಂದರು. ಅದರ ಹಿಂದೆ ನೀರು ನಿಂತು ಮತ್ತೆ ತುಕ್ಕು ಶುರುವಾದರೆ ಇಷ್ಟು ಖರ್ಚು ಮಾಡಿದ್ದು ಯಾಕೆ? ಪಕ್ಕದ ಮನೆಯವರು ಬೀಡಿಂಗಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೆತ್ತಗಾಗುತ್ತೆ ಅಂದರು. ನಾನು ಹಚ್ಚಿಯೂ ಬಿಟ್ಟೆ. ಅದಕ್ಕೆ ಮುಂದೆ ಬೈಸಿಕೊಂಡೆ.

ಟೇಪ್ ಅಂಟಿಸಿ ನೋಡುವುದು ಹಳೇ ಉಪಾಯ, ಇದರಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ತಂದು ಗಾಡಿಯ ಸಂದಿಗಳನ್ನೆಲ್ಲಾ ಹೊರಗಿನಿಂದ ಮುಚ್ಚೋದು. ಬಾಗಿಲ ಸುತ್ತ, ಕ್ವಾರ್ಟರ್ ಗ್ಲಾಸ್ ಸುತ್ತ, ಮೇಲೆ ಮಳೆನೀರು ಹರಿಯುವ ಗಟರ್ ಪಟ್ಟಿ, ಬಾನೆಟ್ಟಿನ ಹಿಂದಿನ ಅಂಚು. ಶಬ್ದ ನಿಂತರೆ ಗಾಡಿ ನಿಲ್ಲಿಸಿ ಒಂದೊಂದೇ ಟೇಪ್ ಕೀಳೋದು. ಯಾವುದು ಕಿತ್ತಾಗ ಶಬ್ದ ವಾಪಸ್ ಬರುತ್ತದೋ ಅಲ್ಲಿದ್ದಾನೆ ಕಳ್ಳ. ಹೊಸ ಪೇಂಟಾದರೆ ಟೇಪನ್ನು ಬಿಸಿಲಲ್ಲಿ ತುಂಬಾ ಹೊತ್ತು ಬಿಡಬೇಡಿ.

ಮೊದಲ ಸಲ ಮಾಡಿದ್ದು ಆಷಾಢದಲ್ಲಿ, ಮಧ್ಯಾಹ್ನ, ರಿಂಗ್ ರೋಡಲ್ಲಿ. ಪೂರ್ತಿ ದಂಡ. ಆಷಾಢದ ಗಾಳಿ ಅಂದರೆ ಗೊತ್ತಲ್ಲ. ಹೋಗುವಾಗ ಎದುರಿಗೆ ಗಾಳಿ, ಬರುವಾಗ ಬೆನ್ನಿಗೆ ಗಾಳಿ. ಮುಳ್ಳು ಎರಡು ಸಲವೂ 70 ಅನ್ನುತ್ತದೆ, ಆದರೆ ಗಾಡಿಗೆ ತಾಗುವ ಗಾಳಿ ಒಮ್ಮೆ 90, ಇನ್ನೊಮ್ಮೆ 50. ಶಬ್ದಕ್ಕೆ ಲೆಕ್ಕ ಅದೇ. ಅದೂ ಸುಮ್ನೆ ಸ್ವಲ್ಪ ಏರಿಳಿಯೋದಲ್ಲ. ಗಾಳಿಯ ವೇಗ ದುಪ್ಪಟ್ಟಾದರೆ ಅಂಚುಗಳಿಗೆ ಬಡಿದು ಏಳುವ ಶಬ್ದದ ಶಕ್ತಿ ಲೆಕ್ಕದ ಪ್ರಕಾರ ಸುಮಾರು 64 ಪಟ್ಟಾಗುತ್ತದೆ. ಡೆಸಿಬೆಲ್ಲಿನಲ್ಲಿ 18. 40ರಲ್ಲಿ ಮಾತೇ ಆಡದ ಗಾಡಿ 80ಕ್ಕೆ ಅರಚೋದು ಇದಕ್ಕೇ.

ಎರಡನೇ ಸಲ ಬೆಳಗಿನ ಜಾವ ಐದೂವರೆಗೆ ಹೊರಟೆವು. ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಂಡಕಳ್ಳಿ ದಾಟಿ ನಂಜನಗೂಡು ರಸ್ತೆಯಲ್ಲಿ ಒಂದೇ ಚೂರನ್ನು ಹಿಡಿದು ಅದರಲ್ಲೇ ಹೋಗೋದು, ಬರೋದು. ಅಮ್ಮ ಹಿಂದಿನ ಸೀಟಲ್ಲಿ ಶಾಲು ಹೊದ್ದು, ಫ್ಲಾಸ್ಕ್ ಹಿಡಿದು ಕೂತಿದ್ದರು. ಯಾವ ಟೇಪ್ ಕಿತ್ತೆ ಅಂತ ನಾನು ಹೇಳುವ ಹಾಗಿಲ್ಲ, ಅವರು ಹೊರಗೆ ನೋಡುವ ಹಾಗಿಲ್ಲ. ಕಣ್ಣು ಮುಚ್ಚಿ ಕೇಳಿ, ಇದೆ ಅಥವಾ ಇಲ್ಲ ಅನ್ನಬೇಕು.

ಎಲ್ಲಾ ಟೇಪ್ ಇದ್ದಾಗ 75ರಲ್ಲಿ ಸುಯ್ಯೂ ಇಲ್ಲ, ಸಿಳ್ಳೆಯೂ ಇಲ್ಲ. "ಹೂಂ ಅಂತ ಏನೋ ಸಣ್ಣದೊಂದು ಇದೆ ಕಣೋ" ಅಂದರು ಅಮ್ಮ. ಇಂಜಿನ್ ಇರಬೇಕು ಬಿಡಮ್ಮ ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ.

ಎಡಗಡೆಯ ಎರಡೂ ಬಾಗಿಲಿನ ಟೇಪ್ ಕಿತ್ತೆ. ಇಲ್ಲ. ಬಲಗಡೆ ಹಿಂದಿನ ಬಾಗಿಲು. ಇಲ್ಲ. ಮಧ್ಯೆ ಒಂದು ಸಲ ತಮಾಷೆಗೆ ಇಳಿದು, ಪರ್ ಅಂತ ಸದ್ದು ಮಾಡಿ, ಏನೂ ಕೀಳದೆ ಬಂದು ಕೂತೆ. ಹೊರಟ ಮೇಲೆ ನನಗೇ ಸಣ್ಣಗೆ ಸುಯ್ ಕೇಳಿಸಿದ ಹಾಗಾಯಿತು! ಅಮ್ಮ ಮಾತ್ರ "ಏನೂ ಬದಲಾಗಿಲ್ಲ" ಅಂದರು. ಅಲ್ಲಿಂದ ಮುಂದೆ ನನ್ನ ಕಿವಿಯನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಡ್ರೈವರ್ ಬಾಗಿಲಿನ ಮೇಲಿನ ಅಂಚಿನ ಟೇಪ್ ಕಿತ್ತಾಗ ಸುಯ್ ವಾಪಸ್ ಬಂತು. "ಕುಕ್ಕರ್ ಬಂತು" ಅಂದರು. ಅದನ್ನು ಮತ್ತೆ ಮುಚ್ಚಿ, ಅದೇ ಬಾಗಿಲಿನ ಕ್ವಾರ್ಟರ್ ಗ್ಲಾಸಿನ ಟೇಪ್ ಕಿತ್ತೆ. ಈ ಸಲ ಸಿಳ್ಳೆ. "ಇದು ಕುಕ್ಕರಲ್ಲ, ಇದು ಬಾಟ್ಲಿ ಬಾಯಿಗೆ ಊದೋದು." ಒಂದೇ ಶಬ್ದ ಅಂದುಕೊಂಡಿದ್ದು ಎರಡು. ಎರಡೂ ಬಲಗಡೆ. ನಾನು 1,800 ಸುರಿದಿದ್ದು ಎಡಗಡೆಗೆ.

ಸುಯ್ ಅನ್ನೋದಕ್ಕೆ ಕಾರಣ ಹುಡುಕಲು ಹತ್ತು ರೂಪಾಯಿ ನೋಟು ಸಾಕಾಯಿತು. ಬಾಗಿಲ ಸಂದಿಯಲ್ಲಿ ನೋಟಿಟ್ಟು ಬಾಗಿಲು ಹಾಕಿ ಎಳೆಯಬೇಕು. ಬೀಡಿಂಗ್ ಸರಿಯಾಗಿ ಒತ್ತಿದ್ದರೆ ನೋಟು ಹಿಡಿದುಕೊಂಡು ಬರುತ್ತದೆ. ಸುತ್ತ ಒಂದೊಂದು ಗೇಣಿಗೆ ನೋಡುತ್ತಾ ಹೋದೆ. ಕೆಳಗೆ ಗಟ್ಟಿ. ಮುಂದೆ ಗಟ್ಟಿ, ಎಷ್ಟು ಗಟ್ಟಿ ಅಂದರೆ ನೋಟು ಹರಿಯುತ್ತೇನೋ ಅನ್ನಿಸಿತು. ಮೇಲಿನ ಹಿಂದಿನ ಮೂಲೆಗೆ ಬಂದಾಗ ಎಳೆಯೋದೇ ಬೇಡ, ನೋಟು ತಾನಾಗಿಯೇ ಜಾರಿ ಕೆಳಗೆ ಬಿತ್ತು.

ಮಂಡಿ ಮೊಹಲ್ಲಾದಲ್ಲಿ ಒಬ್ಬ ವಯಸ್ಸಾದ ಟಿಂಕರ್ ಮೇಸ್ತ್ರಿ ಇದ್ದಾರೆ. ಹುಡುಗನಾಗಿದ್ದಾಗಿಂದ ಫಿಯಟ್ಟಿನ ಕೆಲಸ ಮಾಡಿದವರು. ಗಾಡಿ ನಿಲ್ಲಿಸಿದ ತಕ್ಷಣ ಅವರು ಬೀಡಿಂಗ್ ನೋಡಲಿಲ್ಲ. ಬಾಗಿಲು ತೆಗೆದರು, ಹಾಕಿದರು. ತೆಗೆದರು, ಹಾಕಿದರು. "ಧಡ್ ಅಂತೈತೆ. ಫಿಯಟ್ಟು ಟಕ್ ಅನ್ಬೇಕು ಸ್ವಾಮಿ." ಆಮೇಲೆ ಬೀಡಿಂಗನ್ನು ಎರಡು ಬೆರಳಲ್ಲಿ ಹಿಂಡಿ ನೋಡಿದರು. "ಇದು ಈ ಗಾಡೀದಲ್ಲ. ಯಾವ್ದೋ ರೋಲಿಂದ ಕುಯ್ದು ಹಾಕವ್ರೆ. ದಪ್ಪ ಜಾಸ್ತಿ. ಬಾಗ್ಲು ಹಾಕಕ್ಕಾಗ್ದೆ ಲಾಕನ್ನ ಹೊರಕ್ಕೆ ಎಳ್ದವ್ರೆ." ಬೀಡಿಂಗ್ ಜಿಡ್ಡು ಜಿಡ್ಡಾಗಿರೋದು ನೋಡಿ ಏನು ಹಚ್ಚಿದ್ದೀರಿ ಅಂದರು. ಕೊಬ್ಬರಿ ಎಣ್ಣೆ ಅಂದೆ. "ತಲೆಗೆ ಹಚ್ಕೊಳ್ಳಿ" ಅಂದರು. ರಬ್ಬರಿಗೆ ಗ್ಲಿಸರಿನ್ನೋ ಸಿಲಿಕೋನ್ ಸ್ಪ್ರೇನೋ ಆಗುತ್ತದಂತೆ, ಗ್ರೀಸೂ ಬೇಡ, ಅಡುಗೆಮನೆ ಎಣ್ಣೆಯೂ ಬೇಡ.

ದಪ್ಪ ಬೀಡಿಂಗಿನಿಂದ ಗಾಳಿ ಹೇಗೆ ಬರುತ್ತೆ ಅಂತ ನನಗೆ ಅನುಮಾನ. ಅವರು ತೋರಿಸಿದರು. ಬೀಡಿಂಗ್ ಕೆಳಗೂ ಮುಂದೂ ಬಾಗಿಲನ್ನು ಹೊರಗೆ ತಳ್ಳುತ್ತಿತ್ತು. ಹಾಗಾಗಿ ಮೇಲಿನ ಹಿಂದಿನ ಮೂಲೆ ಒಳಗೆ ಕೂರುತ್ತಲೇ ಇರಲಿಲ್ಲ, ಎಡಗಡೆಯ ಬಾಗಿಲಿಗಿಂತ 3 ಮಿಲಿಮೀಟರ್ ಹೊರಗಿತ್ತು. ನಿಂತಾಗಲೇ ಹೀಗೆ. ಓಡುವಾಗ ಇನ್ನೂ ಕಷ್ಟ. ಮುಂದಿನ ಗಾಜಿನ ಪಕ್ಕದ ಕಂಬ ಸುತ್ತಿ ಬರುವ ಗಾಳಿ ಜೋರಾಗಿ ಓಡಿ, ಅಲ್ಲಿ ಒತ್ತಡ ಬಿದ್ದುಹೋಗುತ್ತದೆ. ಬಾಗಿಲಿನ ಮೇಲುಭಾಗವನ್ನು ಅದು ಹೊರಗೆ ಎಳೆಯುತ್ತದೆ. 80ರಲ್ಲಿ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 30 ಕೆ.ಜಿ. ಭಾರದಷ್ಟು. ಕಿಟಕಿಯ ಅಳತೆಗೆ ಹಾಕಿದರೆ ಏಳೆಂಟು ಕೆ.ಜಿ. ಆ ತೆಳು ಫ್ರೇಮಿಗೆ ಅಷ್ಟು ಸಾಕು. ಅಂದರೆ ಗಾಳಿ ಒಳಗೆ ನುಗ್ಗುತ್ತಿರಲಿಲ್ಲ, ಒಳಗಿನ ಗಾಳಿಯೇ ಸಂದಿಯಿಂದ ಹೊರಗೆ ಹೋಗುತ್ತಾ ಸುಯ್ ಅನ್ನುತ್ತಿತ್ತು. ಕುಕ್ಕರ್ ಅಂತ ಅಮ್ಮ ಹೇಳಿದ್ದು ಅಕ್ಷರಶಃ ಸರಿ.

ಮೇಸ್ತ್ರಿ ಒಳಗೆ ಗಾಳಿಗುಳ್ಳೆ ಇರುವ ಮೆತ್ತನೆ ಸ್ಪಾಂಜ್ ಬೀಡಿಂಗ್ ಹಾಕಿದರು. ಲಾಕನ್ನು ಹಳೇ ಜಾಗಕ್ಕೆ ತಂದರು. ಪೇಂಟ್ ಕೆಳಗೆ ಹಳೇ ಗುರುತು ಇನ್ನೂ ಇತ್ತು. ಆಮೇಲೆ ಮಾಡಿದ್ದನ್ನು ನೋಡಲು ನನಗೆ ಎದೆ ಇರಲಿಲ್ಲ. ಬಾಗಿಲ ಮಧ್ಯಕ್ಕೆ, ಲಾಕಿನ ಹತ್ತಿರ, ಬಟ್ಟೆ ಸುತ್ತಿದ ಮರದ ತುಂಡು ಇಟ್ಟರು. ಬಾಗಿಲನ್ನು ಅದಕ್ಕೆ ಒರಗಿಸಿದರು. ಎರಡು ಅಂಗೈಯನ್ನೂ ಮೇಲಿನ ಮೂಲೆಗೆ ಕೊಟ್ಟು, ಮೈಭಾರ ಬಿಟ್ಟು ಒಳಗೆ ಒತ್ತಿದರು. ತಗಡು ಕುಯ್ ಅಂದಿತು. ತುಂಡು ತೆಗೆದು ಬಾಗಿಲು ಹಾಕಿ, ಉಗುರನ್ನು ಸಂದಿಯ ಮೇಲೆ ಸವರಿದರು. ಇನ್ನೊಮ್ಮೆ ಒತ್ತಿದರು. ಮತ್ತೆ ಉಗುರು. ಗೇಜಿಲ್ಲ, ಸ್ಕೇಲಿಲ್ಲ. ಮೂರನೇ ಸಲಕ್ಕೆ ಬಾಗಿಲು ಟಕ್ ಅಂದಿತು. ಬೀಡಿಂಗಿನ ದುಡ್ಡು ಬಿಟ್ಟು 600 ರೂಪಾಯಿ ತಗೊಂಡರು.

ಸುಯ್ ಹೋಯಿತು. ಈಗ ಸಿಳ್ಳೆ ಇನ್ನೂ ಜೋರಾಗಿ ಕೇಳಿಸತೊಡಗಿತು. ಅದು ಜಾಸ್ತಿಯಾಗಿರಲಿಲ್ಲ, ಮುಚ್ಚಿಕೊಂಡಿದ್ದ ಶಬ್ದ ಹೋಗಿತ್ತು ಅಷ್ಟೇ.

ಕ್ವಾರ್ಟರ್ ಗ್ಲಾಸಿನ ಸುತ್ತ ಎಲ್ಲಿ ಅಂತ ಗೊತ್ತಾಗಬೇಕಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡೋಕೆ ನೀರು ತುಂಬಿ ಹಿಡಿಯುವ ಟ್ರಾನ್ಸ್‌ಪರೆಂಟ್ ಪೈಪಿದೆಯಲ್ಲ, ಅದರ ಒಂದು ಮೊಳ ತಂದೆ. ಕಾರೊಳಗೆ ಅಪ್ಪನ ಟ್ರಾನ್ಸಿಸ್ಟರನ್ನು ಜೋರಾಗಿ ಹಾಕಿ ಬಾಗಿಲು ಮುಚ್ಚಿದೆ. ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಹೊರಗಿನಿಂದ ರಬ್ಬರಿನ ಗುಂಟ ಮೆಲ್ಲಗೆ ಓಡಿಸಿದೆ. ಗಾಳಿ ಹೋಗುವ ತೂತಲ್ಲಿ ದನಿಯೂ ಹೋಗುತ್ತದೆ. ಬೆಳಗಿನ ಹೊತ್ತು, ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ. (ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೂ ನಮ್ಮ ಮೈಸೂರಲ್ಲೇ. ಅದು ಬೇರೆ ಕಥೆ.) ಮೇಲಿನ ಅಂಚಿನಲ್ಲಿ ಬರೀ ಗೊಣಗೊಣ. ಮುಂದಿನ ಅಂಚಿನಲ್ಲೂ ಗೊಣಗೊಣ. ಕೆಳಗಿನ ಹಿಂದಿನ ಮೂಲೆಗೆ, ದೊಡ್ಡ ಗಾಜೂ ಸಣ್ಣ ಗಾಜೂ ಸೇರುವ ಕಂಬಿಯ ಬುಡಕ್ಕೆ ಬಂದಾಗ ವಾರ್ತೆ ಓದುವವರು ನನ್ನ ಕಿವಿಯೊಳಗೇ ಕೂತು ಮಾತಾಡಿದ ಹಾಗಾಯಿತು.

ಅಲ್ಲಿ ನೋಡಿದರೆ ಹೆಸರುಕಾಳಿನಷ್ಟು ಸಂದಿ. ಮೂಲೆಗೆ ಅಚ್ಚು ಹಾಕಿದ ರಬ್ಬರ್ ಬರಬೇಕು, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಇವರು ನೇರ ಪಟ್ಟಿ ಕತ್ತರಿಸಿ ಮೂಲೆಯಲ್ಲಿ ಜೋಡಿಸಿದ್ದರು. ಬಿಸಿಲಿಗೆ ಅದು ಕುಗ್ಗಿ ಬಾಯಿ ಬಿಟ್ಟಿತ್ತು. ಚೂಪು ಅಂಚಿನ ಸಣ್ಣ ತೂತಿನ ಮೇಲೆ ಗಾಳಿ ಹಾದರೆ ಕೊಳಲೇ ಅಲ್ವಾ.

ಬೆಂಗಳೂರಿಗೆ ಹೋಗಿದ್ದಾಗ ಆ ಮೂಲೆಯ ರಬ್ಬರಿಗಾಗಿ ಜೆ.ಸಿ. ರೋಡಿನಲ್ಲಿ ಬಿಡಿಭಾಗದ ನಾಲ್ಕು ಅಂಗಡಿ ಸುತ್ತಿದೆ. ಮೂರು ಕಡೆ "ಫಿಯಟ್ಟಾ?" ಅಂತ ನಕ್ಕರು. ನಾಲ್ಕನೆಯವರು ಅಟ್ಟದಿಂದ ಧೂಳು ಹಿಡಿದ ಕವರ್ ಇಳಿಸಿ ಜೋಡಿಗೆ 850 ಅಂದರು. ಚೌಕಾಸಿ ಮಾಡುವ ಧೈರ್ಯ ಬರಲಿಲ್ಲ.

ಕೂರಿಸಿದ್ದು ನಾನೇ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಬಾಗಿಲ ಪ್ಯಾಡ್ ತೆಗೆದು, ಕ್ವಾರ್ಟರ್ ಗ್ಲಾಸಿನ ಕೆಳಗಿನ ತಿರುಗುಣಿಯ ನಟ್ ಸಡಿಲಿಸಿ, ಗಾಜನ್ನು ಓರೆ ಮಾಡಿ ಎತ್ತಿದೆ. ಆ ನಟ್ಟು ಕೂಡ ಸಡಿಲವಾಗೇ ಇತ್ತು. ಹಾಗಾಗಿ ಲಾಕ್ ಹಾಕಿದ ಮೇಲೂ ಗಾಜು ಒಂದು ಕೂದಲೆಳೆ ಆಡುತ್ತಿತ್ತು. ಹೊಸ ರಬ್ಬರಿಗೆ ಸೋಪಿನ ನೀರು ಸವರಿ ಕೂರಿಸಿ, ನಟ್ಟನ್ನು ಕಾಲು ಸುತ್ತು ಕಾಲು ಸುತ್ತಾಗಿ ಬಿಗಿ ಮಾಡಿದೆ. ಜಾಸ್ತಿ ಬಿಗಿ ಮಾಡಿದರೆ ಗಾಜು ತಿರುಗೋದಿಲ್ಲ, ಬಲವಂತ ಮಾಡಿದರೆ ಒಡೆಯುತ್ತದೆ. ಬೆರಳಿಗೆ ಸ್ವಲ್ಪ ಬಿಗಿ ಅನ್ನಿಸಿದಾಗ ನಿಲ್ಲಿಸಿದೆ.

ಸಿಳ್ಳೆ ಹೋಯಿತು. ಉಳಿದಿದ್ದು ಅಮ್ಮನ "ಹೂಂ". ಎಲ್ಲಾ ಟೇಪ್ ಇದ್ದಾಗಲೂ ಇದ್ದ ಶಬ್ದ ಅದು. ಅಂದರೆ ಬಾಗಿಲದ್ದೂ ಅಲ್ಲ, ಗಾಜಿನದ್ದೂ ಅಲ್ಲ. ಇದನ್ನು ನಾನು ಮೊದಲನೇ ದಿನವೇ ಯೋಚಿಸಬೇಕಿತ್ತು. ಈ ಸಲ ಉಪಾಯ ಅಮ್ಮನದೇ. ಮುಂದಿನ ಸೀಟಲ್ಲಿ ಕೂತು, ನಾನು 60ರಲ್ಲಿ ಓಡಿಸುವಾಗ, ಡ್ಯಾಶ್‌ಬೋರ್ಡ್ ಕೆಳಗೆ ಊದುಬತ್ತಿ ಹಿಡಿದರು. (ಪೆಟ್ರೋಲ್ ವಾಸನೆ ಬರುವ ಗಾಡಿಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ.) ಹೊಗೆ ನೇರ ಏಳುತ್ತಿದ್ದದ್ದು ಒಂದು ಜಾಗದಲ್ಲಿ ಸಟ್ಟನೆ ಅವರ ಮೊಣಕಾಲಿನ ಕಡೆ ತಿರುಗಿತು. ಬಗ್ಗಿ ಕೈಯಿಟ್ಟು "ತಣ್ಣಗೆ ಗಾಳಿ ಬರ್ತಿದೆ ನೋಡು" ಅಂದರು. 90ರ ದಶಕದಲ್ಲಿ ಅಪ್ಪ ಹೊರಗಿನಿಂದ ಎ.ಸಿ. ಹಾಕಿಸಿ, ಇಂಜಿನ್ ಬಿಸಿಯಾಗುತ್ತೆ ಅಂತ ಎರಡೇ ವರ್ಷಕ್ಕೆ ತೆಗೆಸಿದ್ದರು. ಅದರ ಪೈಪು ಹೋಗಿದ್ದ ತೂತು ಅದು. ಇಷ್ಟು ವರ್ಷ ಯಾರೋ ತುರುಕಿದ್ದ ಬಟ್ಟೆಯ ಉಂಡೆ ಕಾಪಾಡಿತ್ತು. ಪೇಂಟಿಗೆ ಮೊದಲು ಕ್ಲೀನ್ ಮಾಡುವಾಗ ಎಸೆದಿರಬೇಕು. 20 ರೂಪಾಯಿಯ ರಬ್ಬರ್ ಬಿರಡೆಗೆ ಮುಗಿಯಿತು.

ಮೊಬೈಲಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. 75ರಲ್ಲಿ ಮೊದಲು 81 ಡೆಸಿಬೆಲ್ ತೋರಿಸುತ್ತಿತ್ತು, ಈಗ 76. ಮೊಬೈಲಿನ ಅಂಕಿಯನ್ನು ಹಾಗೇ ನಂಬೋದಕ್ಕಾಗಲ್ಲ. ಒಂದೇ ಫೋನು, ಒಂದೇ ಜಾಗದಲ್ಲಿಟ್ಟರೆ ಹಿಂದೆ ಮುಂದೆ ಹೋಲಿಸಬಹುದು ಅಷ್ಟೇ. ಗಟರ್ ಪಟ್ಟಿಗೆ, ವೈಪರಿಗೆ ಗಾಳಿ ಬಡಿಯುವ ಶಬ್ದ ಇನ್ನೂ ಇದೆ. ಅದು ಗಾಡಿಯ ಆಕಾರದ್ದು. ಅದಕ್ಕೆ ನಾನು ಕೈ ಹಾಕಲ್ಲ.

ಕಾರ್ತಿಕದಲ್ಲಿ ಒಂದು ಸೋಮವಾರ ಮೂವರೂ ನಂಜನಗೂಡಿಗೆ ಹೊರಟೆವು. ಬಿಸಿಲಿತ್ತು. ಅಪ್ಪ ಹೊರಟ ಐದೇ ನಿಮಿಷಕ್ಕೆ ತಮ್ಮ ಕಡೆಯ ಕ್ವಾರ್ಟರ್ ಗ್ಲಾಸ್ ತಿರುಗಿಸಿ ಎದೆಗೆ ಗಾಳಿ ಬಿಟ್ಟುಕೊಂಡರು. ನಾನು ಮುಖ ನೋಡಿದೆ. "ಏನೋ?" ಅಂದು ಮುಚ್ಚಿದರು. 70, 75. ನನಗೇನೂ ಕೇಳಿಸಲಿಲ್ಲ, ಆದರೆ ನನ್ನ ಕಿವಿಯ ಬೆಲೆ ನನಗೆ ಗೊತ್ತಲ್ಲ. ಅಮ್ಮನನ್ನೇ ಕೇಳೋಣ ಅಂತ ಕನ್ನಡಿಯಲ್ಲಿ ಹಿಂದೆ ನೋಡಿದೆ. ಕಡಕೊಳ ಇನ್ನೂ ಬಂದಿರಲಿಲ್ಲ. ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು.